ಬೇರಿಂಗ್ ಅಲ್ಲದ ಬೇರಿಂಗ್ ಸೌಂಡು

"ಕುಡತಿನಿ ದಾಟಿ ಸ್ಪೀಡ್ ಹಿಡಿದ್ರ ಸಾಕು, ಮುಂದಿನ ಬಲಗಾಲಿಯಾಗ ಗೊಂಯ್ ಅಂತೈತಿ ನೋಡ್ರಿ. ಅರವತ್ತರ ಮ್ಯಾಲ ಪಕ್ಕದಾಗ ಕುಂತೋರ ಮಾತೂ ಕೇಳಂಗಿಲ್ಲ."

ತೋರಣಗಲ್ಲಿನಿಂದ ದಿನಾ ಬಳ್ಳಾರಿಗೆ ಓಡಾಡುವ ಮೇಷ್ಟ್ರೊಬ್ಬರು ಕಾರಿನ ಕೀ ಕೊಡುತ್ತಾ ಹೇಳಿದ ಮಾತಿದು. ಅವರು ಮಾತು ಮುಗಿಸುವಷ್ಟರಲ್ಲಿ ನಾನು ತೀರ್ಮಾನಿಸಿ ಆಗಿತ್ತು, ಗಾಲಿ ಸಲೀಸಾಗಿ ತಿರುಗಲು ಇರುವ ಗುಂಡುಗಳ ಬೇರಿಂಗ್ ಹೋಗಿದೆ ಅಂತ. ಕೌಲ್‌ಬಜಾರಿನ ಗ್ಯಾರೇಜಿನಲ್ಲಿ ಹೆಲ್ಪರ್‌ಗಿರಿ ಮುಗಿಸಿ, ಗಾಡಿಯನ್ನು ಒಬ್ಬನೇ ನೋಡಲು ಶುರುಮಾಡಿದ್ದ ದಿನಗಳು. ಕಿವಿಯ ಮೇಲೆ ವಿಪರೀತ ನಂಬಿಕೆ.

ಪರೀಕ್ಷೆಯನ್ನೇನೂ ಬಿಡಲಿಲ್ಲ. ಹೊಸಪೇಟೆ ರಸ್ತೆಯಲ್ಲಿ ಓಡಿಸಿ, ಸ್ಟೇರಿಂಗನ್ನು ನಿಧಾನ ಎಡಕ್ಕೆ ವಾಲಿಸಿದೆ. ಎಡಕ್ಕೆ ತಿರುಗಿದರೆ ಗಾಡಿಯ ಭಾರ ಬಲಗಾಲಿಯ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆಯ ಬೇರಿಂಗ್ ಹೋಗಿದೆ ಎಂದು ಲೆಕ್ಕ. ಏರಿತು. ವಾಪಸ್ ಬಂದವನೇ ಗಾಲಿ ಕೂರುವ ಹಬ್ ಬಿಚ್ಚಿ, ಬೇರಿಂಗ್ ಒತ್ತಿ ತೆಗೆಯುವ ಪ್ರೆಸ್ಸಿಗೆ ಕೊಟ್ಟು, ಹೊಸ ಬೇರಿಂಗ್ ಕೂರಿಸಿದೆ. ಮರುದಿನ ಬೆಳಗ್ಗೆ ಮೇಷ್ಟ್ರು ಶಾಲೆಗೂ ಹೋಗದೆ ನೇರ ಗ್ಯಾರೇಜಿಗೇ ಬಂದರು. ಸದ್ದು ಹಾಗೇ ಇತ್ತು.

ಉಸ್ತಾದರು ನನ್ನನ್ನು ಬೈಯಲಿಲ್ಲ. ಚಹಾದ ಗ್ಲಾಸ್ ಕೆಳಗಿಟ್ಟು ಮೇಷ್ಟ್ರಿಗೆ ಒಂದೇ ಪ್ರಶ್ನೆ ಕೇಳಿದರು: "ಡಾಂಬರ್ ರೋಡಿಂದ ಸಿಮೆಂಟ್ ರೋಡಿಗೆ ಇಳಿದಾಗ ಸೌಂಡ್ ಬ್ಯಾರೆ ಆಕ್ಕೈತೇನ್ರಿ?" ಹೌದು, ಆಗುತ್ತದೆ ಅಂದರು ಮೇಷ್ಟ್ರು. ಬೇರಿಂಗಿಗೆ ಕೆಳಗಿರುವುದು ಡಾಂಬರೋ ಸಿಮೆಂಟೋ ಗೊತ್ತಾಗುವುದಿಲ್ಲ, ಟೈರಿಗೆ ಗೊತ್ತಾಗುತ್ತದೆ. ಉಸ್ತಾದರು ಟೈರಿನ ಸುತ್ತ ಅಂಗೈ ಸವರಿ, ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು. ಏರಿಳಿತ, ಏರಿಳಿತ, ರೊಟ್ಟಿ ತಟ್ಟಿದ ಬೆರಳಚ್ಚಿನ ಹಾಗೆ. ಆ ಗಾಲಿಯನ್ನು ಬಿಚ್ಚಿ ಹಿಂದಿನ ಗಾಲಿಯ ಜಾಗಕ್ಕೆ ಹಾಕಿ ಓಡಿಸಿದೆವು. ಗೊಂಯ್ ಅನ್ನುವುದೂ ಹಿಂದಿನ ಸೀಟಿನ ಕೆಳಗೆ ಹೋಯಿತು. ಮುಂದಿನ ಬಲಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಸತ್ತಿತ್ತು. ಟೈರು ರಸ್ತೆಗೆ ಕಚ್ಚಿಕೊಂಡು ಉರುಳದೆ ಕುಪ್ಪಳಿಸುತ್ತಾ ಅಲ್ಲಲ್ಲಿ ತಿಂದುಹೋಗಿತ್ತು.

ಸವೆದ ಟೈರಿನ ಮೇಲೆ ಭಾರ ಬಿದ್ದರೂ ಸದ್ದು ಏರುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ನಾನು ಮಾಡಿದ ಪರೀಕ್ಷೆ ಯಾವ ಕಡೆ ಅನ್ನುವುದನ್ನು ಹೇಳಿತ್ತೇ ಹೊರತು ಯಾವುದು ಅನ್ನುವುದನ್ನಲ್ಲ. ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಒತ್ತಿ ಕೂರಿಸಿದ ಬೇರಿಂಗನ್ನು ಹೊರಗೆ ತೆಗೆಯುವಾಗ ಆ ಒತ್ತಡವೆಲ್ಲ ಗುಂಡುಗಳ ಮೇಲೆ ಬಿದ್ದು ಅದು ಕೆಡುತ್ತದೆ, ಮತ್ತೆ ಹಾಕಲು ಬರುವುದಿಲ್ಲ. ಚೆನ್ನಾಗಿದ್ದ ಬೇರಿಂಗನ್ನು ನಾನೇ ಕೊಂದಿದ್ದೆ. ಅದರ ದುಡ್ಡು ನನ್ನ ಪಗಾರದಲ್ಲೇ ಮುರಿಯಿತು.

ಈಗ ಮೊದಲು ಟೈರು ಸವರುತ್ತೇನೆ, ಆಮೇಲೆ ಜಾಕ್. ಗಾಲಿ ಎತ್ತಿ, ಒಂದು ಕೈ ಶಾಕ್‌ನ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಿಂದ ತಿರುಗಿಸಿದರೆ, ಸವೆದ ಬೇರಿಂಗ್ ಮರಳು ಅರೆದಂತೆ ಸ್ಪ್ರಿಂಗಿನಲ್ಲೇ ಕೈಗೆ ತಾಗುತ್ತದೆ. ಕಿವಿಗಿಂತ ಆ ಕೈಯನ್ನು ನಾನು ಹೆಚ್ಚು ನಂಬುತ್ತೇನೆ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಬೇರಿಂಗ್ ಅಥವಾ ಹಬ್ಬನ್ನು ಕೆಳಗಿನ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್. ಎಡಬಲ ಹಿಡಿದಾಗ ಮಾತ್ರ ಸಿಕ್ಕರೆ ಸ್ಟೇರಿಂಗಿನಿಂದ ಗಾಲಿ ತಿರುಗಿಸುವ ಟೈ ರಾಡ್ ಕಡೆ ನೋಡಬೇಕು.

ನಮ್ಮ ಭಾಗದಲ್ಲಿ ಇನ್ನೊಂದು ಕಾಟವಿದೆ, ಕೆಂಪು ದೂಳು. ಸಂಡೂರು ಕಡೆಯ ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿಗಳಲ್ಲಿ ಆಕ್ಸಲ್ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಗ್ರೀಸ್ ಹೊರಗೆ ಬಂದು ಅದಿರಿನ ಪುಡಿ ಒಳಗೆ ಹೋಗುತ್ತದೆ. ಉಳಿದ ಗ್ರೀಸ್ ಜತೆ ಕಲಸಿಕೊಂಡರೆ ಅದು ಸಾಣೆ ಹಿಡಿಯುವ ಮಸಾಲೆಯೇ ಸೈ. ಎಪಿಎಂಸಿ ಅಂಗಳದಂಥ ಬಯಲಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹೊಡೆದಾಗ ಕಟಕಟ ಅಂದರೆ ಆಕ್ಸಲಿನ ಗಾಲಿ ಕಡೆಯ ಜಾಯಿಂಟ್ ಮುಗಿಯಿತು. ಅದಕ್ಕೂ ಮೊದಲೇ ಗಾಲಿಯ ಒಳಮೈಯಲ್ಲಿ ಗ್ರೀಸ್ ಸಿಡಿದಿರುತ್ತದೆ. ಗಾಡಿ ತೊಳೆಯುವ ಹುಡುಗರಿಗೆ ಅದನ್ನು ನೋಡಿ ಹೇಳಲು ಕಲಿಸಿದ್ದೇನೆ. ಬೂಟಿನ ಖರ್ಚಿನಲ್ಲಿ ಮುಗಿಯುವುದು ಆಕ್ಸಲ್ ತನಕ ಯಾಕೆ ಹೋಗಬೇಕು?

ಕಿತ್ತ ರಸ್ತೆಯಲ್ಲಿ ಟಕಟಕ ಅಂದು, ಎರಡೂ ಗಾಲಿ ಒಟ್ಟಿಗೆ ಏರುವ ಹಂಪ್ ಮೇಲೆ ಸುಮ್ಮನಾದರೆ ಎಡಬಲ ಗಾಲಿಗಳನ್ನು ಜೋಡಿಸುವ ಬಾರಿಗೆ ಸೇರಿದ ಲಿಂಕ್ ರಾಡ್ ಮೇಲೆ ನನ್ನ ಅನುಮಾನ. ಗಾಲಿ ಒಂದೊಂದೇ ಏರಿದಾಗ ಮಾತ್ರ ಅದಕ್ಕೆ ಕೆಲಸ. ಕಿರ್ ಅಂತ ಕಿರುಚಿದರೆ ಬ್ರೇಕ್ ಪ್ಯಾಡ್ ನೋಡಿ. ಕೆಲವೊಮ್ಮೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕ ಒಂದು ಕಲ್ಲು ಅಷ್ಟೇ. ಒಂದೆರಡು ಸಲ ಹಿಂದೆ ಮುಂದೆ ಓಡಿಸಿದರೆ ಉದುರುತ್ತದೆ. ಅದಕ್ಕೆ ದುಡ್ಡು ಕೇಳಲು ನನಗೆ ನಾಚಿಕೆ. ಪಂಕ್ಚರ್ ಹಾಕಿಸಿಕೊಂಡ ಮರುದಿನವೇ ಸದ್ದು ಬಂತು ಅಂದವರ ಗಾಡಿಯಲ್ಲಿ ಬೇರೇನೂ ಮುಟ್ಟದೆ ವೀಲ್ ನಟ್‌ಗೆ ಸ್ಪ್ಯಾನರ್ ಹಾಕುತ್ತೇನೆ.

ಆ ಮೇಷ್ಟ್ರು ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಗಾಡಿ ಇಳಿದವರು ನಾಲ್ಕೂ ಟೈರಿನ ಮೇಲೆ ಅಂಗೈ ಸವರಿ, ಅದಾದ ಮೇಲೆಯೇ ಕೀ ನನ್ನ ಕೈಗೆ ಹಾಕುತ್ತಾರೆ.