ದುರ್ಗದ ಕೋಟೆ ಹತ್ತುವವರಿಗೆ: ದಾರಿ, ನೀರು ಮತ್ತು ಹೆಸರಿನ ತಕರಾರು

ಚಿತ್ರದುರ್ಗದ ಕೋಟೆಗೆ ಬರುವವರಲ್ಲಿ ಹೆಚ್ಚಿನವರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಹತ್ತೂವರೆಗೆ ಟಿಕೆಟ್ ತಗೊಂಡು ಹನ್ನೆರಡಕ್ಕೆ ಏಕನಾಥೇಶ್ವರಿ ಗುಡಿ ಹತ್ತಿರ ಬಸವಳಿದು ಕೂರುತ್ತಾರೆ. ಆಮೇಲೆ ಓಬವ್ವನ ಕಿಂಡಿ ಮುಂದೆ ಒಂದು ಫೋಟೊ ಹೊಡೆದು ಇಳಿದೇಬಿಡುತ್ತಾರೆ. ಕೋಟೆ ತೆರೆದಿರುವುದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ಏಳರೊಳಗೆ ಒಳಹೊಕ್ಕರೆ ಬಂಡೆ ಕಾಯುವ ಹೊತ್ತಿಗೆ ನೋಡಬೇಕಾದ್ದೆಲ್ಲ ಮುಗಿದಿರುತ್ತದೆ. ನಿಧಾನಕ್ಕೆ ನೋಡಿದರೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಮಾರ್ಚ್‌ನಿಂದ ಮೇವರೆಗೆ ಮಕ್ಕಳನ್ನೂ ಮುದುಕರನ್ನೂ ಕರಕೊಂಡು ಬರುವ ಯೋಚನೆ ಬಿಡಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ಬೆಂಗಳೂರಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿ.ಮೀ., ದಾವಣಗೆರೆಯಿಂದ 60. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೊ ಹಿಡಿದರೆ ಕೋಟೆ ಬಾಗಿಲಿಗೇ ಬಿಡುತ್ತಾರೆ. ತಲೆಗೆ ಎರಡು ಲೀಟರ್ ನೀರು ಕೆಳಗೇ ತುಂಬಿಸಿಕೊಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ. ಕೋತಿಗಳಿಗೆ ಕವರ್ ಅಂದರೆ ತಿಂಡಿ, ಒಳಗೆ ಕ್ಯಾಮೆರಾ ಇದ್ದರೂ ಕಿತ್ತುಕೊಳ್ಳುತ್ತವೆ.

ಹೊರಡುವ ಮುಂಚೆ ಹೆಸರಿನ ವಿಚಾರ ಸ್ವಲ್ಪ ತಿಳಿದಿರಲಿ, ಯಾಕೆಂದರೆ ಮೇಲೆ ಪ್ರತಿ ಕಲ್ಲಿಗೂ ಎರಡೆರಡು ಕಥೆ ಕೇಳಬೇಕಾಗುತ್ತದೆ. ಊರಿನವರ ಬಾಯಲ್ಲಿ ಇದು ಬರೀ 'ದುರ್ಗ'. ಹೊಯ್ಸಳರ, ವಿಜಯನಗರದ ಕಾಲದ ಶಾಸನಗಳಲ್ಲಿ ಇದು ಬೆಮ್ಮತ್ತನಕಲ್ಲು ಅಥವಾ ಬೆಮ್ಮತ್ತನೂರು. ಕಂಪನಿ ಕಾಲದ ಇಂಗ್ಲಿಷರು ಚಿತಲ್‌ಡ್ರೂಗ್ ಅಂದರು. ಈಗಿನ ಹೆಸರಿನ ಮೂಲದ ಬಗ್ಗೆ ಹಳೆಯ ಗೆಜೆಟಿಯರ್‌ಗಳೇ ಒಂದು ಮಾತಿಗೆ ನಿಲ್ಲುವುದಿಲ್ಲ. ಸೀತಲದುರ್ಗ ಅನ್ನುತ್ತವೆ, ಚಿತ್ರಕಲ್‌ದುರ್ಗ ಅನ್ನುತ್ತವೆ, ಕೊಡೆಯಂತೆ ನಿಂತ ಬಂಡೆಯಿಂದ ಬಂದ ಛತ್ರಕಲ್ಲು ಅಂತಲೂ ಹೇಳುತ್ತವೆ. 1779ರಲ್ಲಿ ಹೈದರಾಲಿ ಮದಕರಿನಾಯಕನಿಂದ ಕೋಟೆ ಕಸಿದ ಮೇಲೆ, ಟಿಪ್ಪುವಿನ ಕಾಲದಲ್ಲಿ ಫರ್ರುಖ್‌ಯಾಬ್ ಹಿಸಾರ್ ಅನ್ನುವ ಹೆಸರೂ ಬಂತು. ಅದು ನಾಣ್ಯದ ಮೇಲೆ ಉಳಿಯಿತೇ ಹೊರತು ಜನರ ನಾಲಿಗೆಗೆ ಹತ್ತಲಿಲ್ಲ. ಗೈಡು ಇದರಲ್ಲಿ ಒಂದನ್ನೇ ಹಿಡಿದು 'ಇದೇ ಸತ್ಯ' ಅಂದರೆ ವಾದಕ್ಕೆ ಇಳಿಯಬೇಡಿ. 'ಇದು ಶಾಸನದಲ್ಲಿ ಇದೆಯೋ, ಹಿರಿಯರು ಹೇಳಿದ್ದೋ?' ಅಂತ ಕೇಳಿ. ಒಳ್ಳೆಯ ಗೈಡಾದರೆ ಬಿಡಿಸಿ ಹೇಳುತ್ತಾನೆ. ದುಡ್ಡು ಎಷ್ಟು, ಯಾವ ಯಾವ ಜಾಗ ತೋರಿಸುತ್ತಾನೆ ಅನ್ನುವುದು ಮಾತ್ರ ಹತ್ತುವ ಮುಂಚೆಯೇ ತೀರ್ಮಾನ ಆಗಲಿ.

'ಏಳುಸುತ್ತಿನ ಕೋಟೆ'ಯ ಸುತ್ತುಗಳನ್ನು ಎಣಿಸಲು ಹೊರಟವರಿಗೂ ಒಂದು ಮಾತು. ಹೊರಸುತ್ತುಗಳನ್ನು ಊರೇ ನುಂಗಿದೆ. ಟಿಕೆಟ್ ಕೌಂಟರ್‌ಗೆ ಬರುವ ಹೊತ್ತಿಗೆ ನೀವು ಆಗಲೇ ಕೋಟೆಯೊಳಗೆ ಇರುತ್ತೀರಿ. ರಂಗಯ್ಯನ ಬಾಗಿಲು ಪೇಟೆಯಲ್ಲೇ ಇದೆ. ಸರ್ಕಾರಿ ವಸ್ತುಸಂಗ್ರಹಾಲಯ ಇರುವುದೂ ಅಲ್ಲೇ, ಹೆಚ್ಚಿನವರು ಅದನ್ನು ನೋಡದೆ ಹೋಗುತ್ತಾರೆ.

ಒಳಬಾಗಿಲುಗಳು ನೇರವಾಗಿ ಇಲ್ಲ, ಪ್ರತಿಯೊಂದೂ ತಿರುಗಿ ತಿರುಗಿ ಸಾಗುತ್ತದೆ. ಆನೆಯಾಗಲಿ ದಿಮ್ಮಿಯಾಗಲಿ ಓಡಿಬಂದು ಬಾಗಿಲಿಗೆ ಗುದ್ದಲು ಜಾಗವೇ ಸಿಗಬಾರದು ಅನ್ನುವ ಲೆಕ್ಕ. ಗೋಡೆ ಪಕ್ಕ ಒಂದು ನಿಮಿಷ ನಿಂತು ಕಲ್ಲು ನೋಡಿ. ಗಾರೆ ಇಲ್ಲದೆ ಒಂದಕ್ಕೊಂದು ಕೂಡಿಸಿದ ಕಲ್ಲುಗಳು, ಸಂದಿನಲ್ಲಿ ಚಾಕುವಿನ ತುದಿಯೂ ಕಷ್ಟಪಟ್ಟು ಹೋಗಬೇಕು. ಕೆಲವು ಬಂಡೆಗಳ ಅಂಚಿನಲ್ಲಿ ಬೆರಳುದ್ದದ ಚೌಕ ಗುಳಿಗಳ ಸಾಲು ಕಾಣುತ್ತದೆ. ಕಲ್ಲು ಸೀಳಲು ಬೆಣೆ ಹೊಡೆದ ಗುರುತು ಅದು. ಇದಕ್ಕೂ ಗುಂಡೇಟಿನ ಗುರುತು ಅಂತ ಕಥೆ ಕಟ್ಟುವವರಿದ್ದಾರೆ, ಆದರೆ ಸಾಲಾಗಿ ಅಳತೆ ಹಿಡಿದು ಗುಂಡು ಹಾರಿಸುವವರು ಯಾರೂ ಇಲ್ಲ. ಮುಂದೆ ಹಳ್ಳದಲ್ಲಿ ನಾಲ್ಕು ದೊಡ್ಡ ಬೀಸುಕಲ್ಲುಗಳಿವೆ. ಸಿಡಿಮದ್ದು ಅರೆಯುತ್ತಿದ್ದ ಜಾಗ ಅಂತ ಹೇಳುತ್ತಾರೆ. ಕೆಳಗೆ ಇಳಿಯಲು ಹೋಗಬೇಡಿ, ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ.

ಹಿಡಿಂಬೇಶ್ವರ ಗುಡಿಗೆ ಬಂದಾಗ ಕಥೆ ಮಹಾಭಾರತಕ್ಕೆ ಹೋಗುತ್ತದೆ. ಭೀಮ ಕೊಂದ ಹಿಡಿಂಬನ ಬೆಟ್ಟ ಇದೇ ಅನ್ನುವುದು ನಂಬಿಕೆ. ಅವನದ್ದೇ ಹಲ್ಲು ಅನ್ನುವುದೊಂದನ್ನೂ ಇಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಸಂಪಿಗೆ ಸಿದ್ದೇಶ್ವರ ಗುಡಿ, ಮಣ್ಣಿನ ಗೋಡೆಯ ಅರಮನೆ ಅವಶೇಷ, ಕಣಜ ಇವಕ್ಕೆ ಅರ್ಧ ಗಂಟೆ ಸಾಕು. ಇಷ್ಟು ಮಳೆಗಾಲ ಕಂಡರೂ ಆ ಮಣ್ಣಿನ ಗೋಡೆ ನಿಂತಿರುವುದೇ ಒಂದು ಸೋಜಿಗ. ಅದನ್ನು ಹತ್ತಿ ಸೆಲ್ಫಿ ತೆಗೆಯುವವರನ್ನು ಕಂಡರೆ ಮೈ ಉರಿಯುತ್ತದೆ.

ನೀರಿನ ವ್ಯವಸ್ಥೆ ನೋಡಲು ಸಮಯ ಇಟ್ಟುಕೊಳ್ಳಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುತ್ತಿತ್ತು. ಅಕ್ಕತಂಗಿ ಅನ್ನುವ ಹೆಸರಿಗೂ ಎರಡು ವಿವರಣೆ ಇದೆ. ಕೋಟೆ ಬಿದ್ದಾಗ ನಾಯಕನ ಇಬ್ಬರು ರಾಣಿಯರು ಹಾರಿದ ಹೊಂಡ ಅನ್ನುವುದು ಒಂದು. ಜೋಡಿ ಹೊಂಡಗಳಾದ್ದರಿಂದ ಹಾಗೆ ಕರೆದರು ಅನ್ನುವುದು ಇನ್ನೊಂದು. ಅಂಚು ಪಾಚಿ ಹಿಡಿದಿರುತ್ತದೆ, ಮಕ್ಕಳ ಕೈ ಬಿಡಬೇಡಿ.

ಓಬವ್ವನ ಕಿಂಡಿಯ ಪಕ್ಕದಲ್ಲೇ ತಣ್ಣೀರು ದೋಣಿ ಅನ್ನುವ ನೀರಿನ ಜಾಗ ಇದೆ. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಕೂತಾಗ ಓಬವ್ವ ನೀರಿಗೆ ಬಂದದ್ದು ಇಲ್ಲಿಗೇ ಅನ್ನುತ್ತಾರೆ. ಎರಡೂ ಜಾಗ ಒಟ್ಟಿಗೆ ನೋಡಿದರೆ ಕಥೆ ಯಾಕೆ ಜನಮನದಲ್ಲಿ ಇಷ್ಟು ಗಟ್ಟಿಯಾಗಿ ನಿಂತಿದೆ ಅಂತ ಗೊತ್ತಾಗುತ್ತದೆ: ಕಿಂಡಿಯಲ್ಲಿ ಒಬ್ಬರ ಹಿಂದೆ ಒಬ್ಬರು ತಲೆ ತಗ್ಗಿಸಿಯೇ ನುಸುಳಬೇಕು, ಒನಕೆ ಹಿಡಿದವಳಿಗೆ ಅಷ್ಟೇ ಸಾಕು. ಕೊನೆಗೆ ಅವಳು ಶತ್ರುವಿನ ಕೈಯಲ್ಲಿ ಸತ್ತಳೋ, ಆಘಾತದಿಂದಲೋ ಅನ್ನುವುದರಲ್ಲಿ ಹೇಳುವವರಿಗೇ ಒಮ್ಮತವಿಲ್ಲ. 2021ರಿಂದ ಸರ್ಕಾರ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ. ಆ ದಿನ ಜನಜಂಗುಳಿ ಇರುತ್ತದೆ, ಶಾಂತವಾಗಿ ನೋಡಬೇಕೆಂದರೆ ಬೇರೆ ದಿನ ಬನ್ನಿ. ಕಿಂಡಿಯೊಳಗೆ ಬೆನ್ನಿನ ಬ್ಯಾಗ್ ಸಿಕ್ಕಿಕೊಳ್ಳುತ್ತದೆ, ಮೊದಲೇ ತೆಗೆದು ಕೈಯಲ್ಲಿ ಹಿಡಿಯಿರಿ.

ತುಪ್ಪದ ಕೊಳದ ಬತೇರಿ (ಕಾವಲು ಬುರುಜು) ಎಲ್ಲರಿಗೂ ಅಲ್ಲ. ಕಡಿದಾದ ಬಂಡೆಯಲ್ಲಿ ಕೊರೆದ ಸಣ್ಣ ಮೆಟ್ಟುಗುಳಿಗಳೇ ದಾರಿ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬಂಡೆಗೆ ಮುಖ ಮಾಡಿ, ಒಂದು ಕಾಲು ಗುಳಿಯಲ್ಲಿ ಗಟ್ಟಿಯಾದ ಮೇಲೆ ಇನ್ನೊಂದನ್ನು ತೆಗೆದು ಇಳಿಯಿರಿ. ಸವೆದ ಅಟ್ಟೆಯ ಚಪ್ಪಲಿ ಬೇಡ. ಮಳೆ ಹನಿದಿದ್ದರೆ, ಇಬ್ಬನಿ ಇದ್ದರೆ ಹತ್ತಲೇಬೇಡಿ, ಕಾವಲಿನವರು ಬೇಡ ಅಂದರೆ ವಾದಿಸಬೇಡಿ. ಸೈನಿಕರ ಗಾಯಕ್ಕೆ ತುಪ್ಪ ಶೇಖರಿಸಿದ ಕೊಳ ಅನ್ನುವುದು ಹೆಸರಿನ ಹಿಂದಿನ ಮಾತು. ಅಷ್ಟು ಎತ್ತರಕ್ಕೆ ತುಪ್ಪ ಹೊತ್ತು ತಂದು ಬಿಸಿಲಿಗೆ ಇಡುವುದು ಯಾವ ಲೆಕ್ಕ ಅಂತ ಅನುಮಾನ ಬರುವುದು ಸಹಜ.

ಇಳಿದ ಮೇಲೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಚಂದ್ರವಳ್ಳಿಗೆ ಹೋಗಿ. ದುರ್ಗ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಿನ ಕಣಿವೆ ಅದು. ಭೈರವೇಶ್ವರ ಗುಡಿ ಹತ್ತಿರದ ಬಂಡೆಯಲ್ಲಿ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಪ್ರಾಕೃತ ಶಾಸನ ಇದೆ. ಅದರಲ್ಲಿ ಬರುವ ಸೋತ ರಾಜರ ಪಟ್ಟಿಯ ಓದು ಸರಿಯೋ ತಪ್ಪೋ ಅಂತ ವಿದ್ವಾಂಸರ ಜಗಳ ಇನ್ನೂ ಇದೆ. ಅಂಕಲಿ ಮಠದ ಗುಹೆಗೆ ಫೋನಿನ ಬೆಳಕು ಸಾಲದು. ಒಳ್ಳೆಯ ಟಾರ್ಚ್, ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲಿ. ಒಳಗೆ ಕತ್ತಲು, ಬಾವಲಿ, ಇಕ್ಕಟ್ಟು, ಉಬ್ಬಸ ಇರುವವರು ಹೊರಗೇ ಕಾಯುವುದು ವಾಸಿ. ಸಂಜೆಗೆ ಮುಂಚೆ ವಾಪಸಾದರೆ ದಾವಣಗೆರೆ, ಬೆಂಗಳೂರು ಎರಡೂ ಕಡೆಗೂ ಬಸ್ ಸಿಗುವುದು ಕಷ್ಟವಿಲ್ಲ.