ಗೊನೊ ಲೈನಿನ ಚಳಿಗಾಲ: ಹಿಮ ಅಲ್ಲ, ಗಾಳಿ ನೋಡಿ ಹೊರಡಿ

ಉತ್ತರ ಜಪಾನಿನ ಹಿಗಾಶಿ-ನೊಶಿರೊದಿಂದ ಕವಾಬೆವರೆಗೆ 147.2 ಕಿ.ಮೀ. ಉದ್ದದ ಗೊನೊ ಲೈನ್ ಒಂಟಿ ಹಳಿಯ ದಾರಿ. ಪೂರ್ತಿಯಾಗಿ ತೆರೆದದ್ದು 1936ರಲ್ಲಿ. ಬಹುದೂರ ಸಮುದ್ರದ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಇಲ್ಲಿ ರೈಲು ನಿಲ್ಲುವುದು ಹಿಮಕ್ಕಿಂತ ಹೆಚ್ಚಾಗಿ ಗಾಳಿ ಮತ್ತು ಅಲೆಗಳಿಂದ.

ಸೈಬೀರಿಯಾದ ಒಣ ಶೀತಗಾಳಿ ಜಪಾನ್ ಸಮುದ್ರ ದಾಟುವಾಗ ಬೆಚ್ಚಗಿನ ತ್ಸುಶಿಮಾ ಪ್ರವಾಹದಿಂದ ತೇವ ಹೀರಿಕೊಂಡು, ಬೆಟ್ಟಕ್ಕೆ ಬಡಿದು ಹಿಮವಾಗಿ ಸುರಿಯುತ್ತದೆ. ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಮಳೆ ಸುರಿಸುವ ಲೆಕ್ಕವೇ. ಒಳನಾಡಿನಲ್ಲಿ ಹಿಮ ಆಳೆತ್ತರ ಕೂರುತ್ತದೆ. ದಡದಲ್ಲಿ ಬಿದ್ದದ್ದನ್ನೂ ಗಾಳಿ ಎತ್ತಿಕೊಂಡು ಅಡ್ಡಡ್ಡ ಬೀಸುತ್ತದೆ. ನೆಲದಿಂದಲೇ ಏಳುವ ಈ ಹಿಮಗಾಳಿಗೆ ದಾರಿಯ ಉತ್ತರ ತುದಿಯ ತ್ಸುಗಾರು ಪ್ರದೇಶದ ಕಡೆ 'ಜಿಫುಬುಕಿ' ಅನ್ನುತ್ತಾರೆ. ಛತ್ರಿ ಒಯ್ಯಬೇಡಿ, ಮೊದಲ ಬೀಸಿಗೇ ಮುರಿಯುತ್ತದೆ. ಟೋಪಿ ಇರುವ ಗಾಳಿತಡೆ ಜಾಕೆಟ್ಟು, ಕುತ್ತಿಗೆಪಟ್ಟಿ, ಮೊಣಕಾಲಿನ ತನಕ ಬರುವ ರಬ್ಬರ್ ಬೂಟು ಸಾಕು. ಬೂಟನ್ನು ಊರಿನಿಂದ ಹೊತ್ತೊಯ್ಯುವ ಬದಲು, ಈ ಪ್ರಯಾಣ ಶುರುವಾಗುವ ಅಕಿತಾ ನಗರದಲ್ಲೇ ಕೊಳ್ಳಿ. ಅಲ್ಲಿನ ಅಟ್ಟೆ ಹಿಮಕ್ಕೆಂದೇ ಮಾಡಿದ್ದು.

ಟೋಕಿಯೊದಿಂದ ಅಕಿತಾಗೆ ಕೊಮಾಚಿ ಶಿಂಕಾನ್ಸೆನ್ (ಬುಲೆಟ್ ರೈಲು)ನಲ್ಲಿ ಸುಮಾರು ನಾಲ್ಕು ಗಂಟೆ. ಅಲ್ಲಿಂದ ಗೊನೊ ಲೈನಿನ ಪ್ರವಾಸಿ ರೈಲು 'ರಿಸಾರ್ಟ್ ಶಿರಕಾಮಿ' ಹತ್ತಬಹುದು. ಎಲ್ಲ ಸೀಟನ್ನೂ ಮೊದಲೇ ಕಾದಿರಿಸಬೇಕು, 'ಎ' ಸೀಟು ಸಮುದ್ರದ ಬದಿ. ಚಳಿಗಾಲದಲ್ಲಿ ಇದು ದಿನಾಲೂ ಓಡುವುದಿಲ್ಲ, ತಾರೀಖು ನೋಡಿಕೊಂಡೇ ಉಳಿದ ಯೋಜನೆ ಹಾಕಿ. ಸಾಮಾನ್ಯ ರೈಲುಗಳು ತೀರಾ ಕಡಿಮೆ. ಒಂದು ತಪ್ಪಿದರೆ ಮುಂದಿನದಕ್ಕೆ ಕೆಲವು ಗಂಟೆ ಕಾಯಬೇಕಾಗಬಹುದು, ಅದೂ ಸಿಬ್ಬಂದಿಯಿಲ್ಲದ, ಅಂಗಡಿಯಿಲ್ಲದ ನಿಲ್ದಾಣದಲ್ಲಿ. ಚಿಲ್ಲರೆ ಹಣ ಜೇಬಿನಲ್ಲಿರಲಿ.

ಹೊರಡುವ ಹಿಂದಿನ ಸಂಜೆ ಹವಾಮಾನ ವರದಿಯಲ್ಲಿ ತಾಪಮಾನ ಬಿಡಿ, ಗಾಳಿಯ ವೇಗ ಮತ್ತು ಅಲೆಯ ಎತ್ತರ ನೋಡಿ. ರೈಲು ರದ್ದಾದರೆ ಒಳನಾಡಿನ ಓಉ ಮುಖ್ಯ ಮಾರ್ಗದಲ್ಲಿ ಅಕಿತಾದಿಂದ, ಕವಾಬೆ ಹತ್ತಿರದ ಹಿರೊಸಾಕಿ ನಗರಕ್ಕೆ ಎಕ್ಸ್‌ಪ್ರೆಸ್ ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಆದರೆ ಕರಾವಳಿಯ ಹಳ್ಳಿಯಲ್ಲೇ ಸಿಕ್ಕಿಕೊಂಡರೆ ಆ ದಾರಿ ಉಪಯೋಗಕ್ಕಿಲ್ಲ. ಅದಕ್ಕೇ ಟೋಕಿಯೊದಲ್ಲಿ ವಿಮಾನ ಹತ್ತುವ ಮುನ್ನ ಒಂದು ದಿನ ಖಾಲಿ ಇಟ್ಟುಕೊಳ್ಳುವುದು ಕಡ್ಡಾಯ ಅನ್ನಬೇಕು.

ದಾರಿಯಲ್ಲಿ ಸಿಗುವ ಸೆಂಜೋಜಿಕಿ ನಿಲ್ದಾಣದ ಬಳಿ ಸಮುದ್ರದೊಳಕ್ಕೆ ಚಾಚಿದ ಚಪ್ಪಟೆ ಬಂಡೆಹಾಸು 1793ರ ಭೂಕಂಪದಲ್ಲಿ ಮೇಲೆದ್ದದ್ದು. ನಿಲ್ದಾಣದ ಹಿಂದಿನ ಬಂಡೆಯಲ್ಲಿ ಜಿನುಗುವ ನೀರು ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿ ಪರದೆಯಂತೆ ಇಳಿಬೀಳುತ್ತದೆ. ಒರಟು ಸಮುದ್ರದ ದಿನ ದಡದಲ್ಲಿ 'ನಾಮಿ-ನೊ-ಹಾನಾ', ಅಂದರೆ ಅಲೆಯ ಹೂವು, ಕಾಣುತ್ತದೆ: ನೀರಿನಲ್ಲಿರುವ ಸೂಕ್ಷ್ಮ ಜೀವಿಗಳ ಅಂಟುದ್ರವ್ಯವನ್ನು ಅಲೆಗಳು ಕಡೆದು ಕಡೆದು ಬಿಳಿ ನೊರೆ ಮಾಡುತ್ತವೆ. ಮಜ್ಜಿಗೆ ಕಡೆದಾಗ ಏಳುವ ನೊರೆಗಿಂತ ಗಟ್ಟಿ, ಮುಷ್ಟಿಗಾತ್ರದ ಉಂಡೆಗಳಾಗಿ ಗಾಳಿಗೆ ಹಾರಿ ಬರುತ್ತದೆ. ಹಿಮವೆಂದು ಕೈಯಲ್ಲಿ ಹಿಡಿದರೆ ಕರಗದೆ ಅಂಟಿಕೊಳ್ಳುತ್ತದೆ, ಉಪ್ಪುಪ್ಪು. ಕ್ಯಾಮೆರಾ ಗಾಜಿಗೆ ತಾಗಿದರೆ ಒಣಬಟ್ಟೆಯಿಂದ ಉಜ್ಜಬೇಡಿ, ಮೊದಲು ಒದ್ದೆ ಬಟ್ಟೆಯಿಂದ ಉಪ್ಪು ತೆಗೆಯಿರಿ.

ಫುಕೌರಾ ಬಳಿಯ ಫುರೊಫುಶಿಯ ಬಯಲು ಬಿಸಿನೀರಿನ ಕೊಳ ಅಲೆಗಳ ಪಕ್ಕದಲ್ಲೇ ಇದೆ. ಕಬ್ಬಿಣದ ಅಂಶದಿಂದ ನೀರು ಕೆಮ್ಮಣ್ಣಿನ ಬಣ್ಣ. ಬಿಳಿ ಟವೆಲ್ ಹಾಳಾದೀತು. ಅಲೆ ಎದ್ದರೆ ಮುಚ್ಚುತ್ತಾರೆ, ಹೋಗುವ ಮೊದಲು ಕೇಳಿ. ಡಿಸೆಂಬರಿನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗುವುದರಿಂದ ಮಧ್ಯಾಹ್ನವೇ ತಲುಪಬೇಕು.

ಸಸ್ಯಾಹಾರಿಗಳು ವಸತಿ ಕಾದಿರಿಸುವಾಗಲೇ 'ಮೀನಿನ ದಾಶಿಯೂ (ಮೀನು ಕುದಿಸಿದ ತಿಳಿರಸ) ಬೇಡ' ಎಂದು ಬಿಡಿಸಿ ಹೇಳಬೇಕು. ಮೀಸೊ (ಹುದುಗಿಸಿದ ಸೋಯಾ ಹಿಟ್ಟು) ಸಾರು, ಸೋಬಾ ನೂಡಲ್ಸಿನ ತಿಳಿಸಾರು, ಬೇಯಿಸಿದ ತರಕಾರಿ, ಎಲ್ಲಕ್ಕೂ ಅದೇ ಬುನಾದಿ. ತರಕಾರಿ ಎಂದಷ್ಟೇ ಕೇಳಿದರೆ ಕೊಡುವವರು ಪ್ರಾಮಾಣಿಕವಾಗಿಯೇ ಮೀನುಸಾರಿನ ತರಕಾರಿ ಕೊಡುತ್ತಾರೆ. ಅಕಿತಾ ನಿಲ್ದಾಣದಲ್ಲೇ ಉಮೆ ಒನಿಗಿರಿ (ಹುಳಿ ಉಪ್ಪಿನಕಾಯಿ ಹಣ್ಣು ತುಂಬಿದ ಅನ್ನದುಂಡೆ), ಬಾಳೆಹಣ್ಣು ಕಟ್ಟಿಸಿಕೊಂಡು ರೈಲು ಹತ್ತಿ.