ಮೂರು ಗಾಲಿಯ ಬಗ್ಗಿ ಕೊಳ್ಳುವ ಮೊದಲು ಬಾಗಿಲು ಅಳೆಯಿರಿ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸಮತಟ್ಟಾದ ರಸ್ತೆ ಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಊರೇ ಗುಡ್ಡಗಳ ಮೇಲೆ ಕೂತಿದೆ. ನಗರದ ಗಡಿಯೊಳಗಿನ ನೆಲದಲ್ಲಿ ಸುಮಾರು ಮೂರನೇ ಒಂದು ಭಾಗ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. 1951ರಲ್ಲಿ ಬ್ರಿಟನ್ನಿನಲ್ಲಿ ಮೊಟ್ಟಮೊದಲು ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಅದು. ಬಂಡೀಪುರದ ಹಾಗೆ ಜೀಪಿನಲ್ಲಿ ಕೂತು ನೋಡಿಬರುವ ಕಾಡು ಎಂದುಕೊಳ್ಳಬೇಡಿ. ಹಳ್ಳಿ, ಹೊಲ, ಕುರಿ, ಕಲ್ಲುಬೇಲಿ, ಜವುಗು ಎಲ್ಲವೂ ಅದರೊಳಗೇ ಇವೆ. ಶನಿವಾರ ಬಂತೆಂದರೆ ಜನ ಬೂಟು ಬಿಗಿದು ನಡೆಯಲು ಹೊರಡುತ್ತಾರೆ. ಮಗು ಹುಟ್ಟಿದ ಮೇಲೂ ನಿಲ್ಲಿಸುವುದಿಲ್ಲ, ಅದನ್ನೂ ಬಗ್ಗಿಯಲ್ಲಿ, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿಯಲ್ಲಿ, ಕರೆದುಕೊಂಡೇ ಹೋಗುತ್ತಾರೆ. ಎರಡು ವರ್ಷ ಇಲ್ಲಿದ್ದರೆ ನಮಗೂ ಅದೇ ಚಟ ಹತ್ತುತ್ತದೆ.

ನಾವು ಮೂರು ಗಾಲಿಯ ಬಗ್ಗಿ ಕೊಳ್ಳುತ್ತೇವೆಂದಾಗ ಊರಿನಿಂದ ಫೋನ್ ಮಾಡಿದವರದೆಲ್ಲ ಒಂದೇ ಪ್ರಶ್ನೆ: ಅಷ್ಟು ದುಡ್ಡು ಕೊಟ್ಟು ತಳ್ಳುಗಾಡಿ ಯಾಕೆ, ಎತ್ತಿಕೊಂಡು ಹೋಗಬಾರದಾ? ತೀರ್ಥಹಳ್ಳಿಯಲ್ಲಿ ಮಗುವನ್ನು ಎತ್ತಿಕೊಳ್ಳಲು ಮನೆ ತುಂಬ ಕೈಗಳಿವೆ. ಇಲ್ಲಿರುವುದು ನಾಲ್ಕೇ ಕೈ, ಅದರಲ್ಲಿ ಎರಡು ಹಗಲೆಲ್ಲ ಆಫೀಸಿನಲ್ಲಿ. ಜೊತೆಗೆ ಮಳೆ ಅಂಗಿ, ಡೈಪರ್, ಬಾಟಲಿ, ಬದಲಿ ಬಟ್ಟೆ. ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ನಮ್ಮ ಬಳಿಯೂ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಮೊದಲು ಚಕ್ರದ ಮಾತು. ಇಲ್ಲಿಯ ಪೇಟೆಯಲ್ಲಿ ಹೆಚ್ಚಾಗಿ ಕಾಣುವುದು ಕೊಡೆ ಮಡಚಿದ ಹಾಗೆ ಮಡಚಿಡಬಹುದಾದ ಹಗುರ ಬಗ್ಗಿ. ಅದನ್ನು ರೂಪಿಸಿದವನು ಓವೆನ್ ಮ್ಯಾಕ್ಲಾರೆನ್ ಎಂಬ ವಿಮಾನ ಎಂಜಿನಿಯರ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಕಾಲುಗಾಲಿಗಳ ಕೆಲಸ ಮಾಡಿದ್ದ ಆತ, ಮೊಮ್ಮಗುವಿನ ಭಾರದ ಗಾಡಿಯ ಜೊತೆ ಮಗಳು ಪರದಾಡುವುದನ್ನು ನೋಡಿ 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳದೊಂದು ಬಗ್ಗಿ ಮಾಡಿದ. ಮೂರು ಕಿಲೋ ಕೂಡ ತೂಗುತ್ತಿರಲಿಲ್ಲ. ಫುಟ್‌ಪಾತಿಗೂ ವಿಮಾನ ನಿಲ್ದಾಣಕ್ಕೂ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದರ ಚಕ್ರ ಅಂಗೈಯಗಲ. ಪೀಕ್ ಡಿಸ್ಟ್ರಿಕ್ಟ್‌ನ ಬರ್ಬೇಜ್ ಕಣಿವೆಯ ದಾರಿಗೆ ತಂದರೆ ಮೊದಲ ಕಲ್ಲಿಗೇ ತಡೆದು ನಿಂತು ಮಗುವನ್ನು ಮುಂದಕ್ಕೆ ಒಗೆಯುತ್ತದೆ.

ನಮ್ಮ ಯಜಮಾನರು ಮೆಕ್ಯಾನಿಕಲ್ ಓದಿದವರು, ಲೆಕ್ಕ ಹಾಕದೆ ಸೌಟು ಕೂಡ ಕೊಳ್ಳುವವರಲ್ಲ. ನಾಲ್ಕು ಸೆಂಟಿಮೀಟರ್ ಎತ್ತರದ ಕಲ್ಲನ್ನು ಹತ್ತಿಸಲು 15 ಸೆಂ.ಮೀ. ಅಡ್ಡಳತೆಯ ಚಕ್ರಕ್ಕೆ ಎಷ್ಟು ಬಲ ಬೇಕೋ, 30 ಸೆಂ.ಮೀ. ಚಕ್ರಕ್ಕೆ ಅದರ ಅರ್ಧ ಸಾಕು ಎಂದು ಕಾಗದದ ಮೇಲೆ ತೋರಿಸಿದರು. 30 ಸೆಂ.ಮೀ. ಎಂದರೆ 12 ಇಂಚು. ಒರಟು ದಾರಿಯ ಬಗ್ಗಿಗಳು ಬಹುತೇಕ ಅಲ್ಲಿಂದಲೇ ಶುರುವಾಗುವುದು. ಓಡುವವರಿಗೆಂದು ಮಾಡಿದವುಗಳಲ್ಲಿ ಹಿಂದಿನ ಚಕ್ರ ಸಾಮಾನ್ಯವಾಗಿ 16 ಇಂಚಿನ ತನಕ ಇರುತ್ತದೆ. ಈ ಓಡುವ ಬಗ್ಗಿಯ ಹಿಂದೆಯೂ ಒಬ್ಬ ಅಪ್ಪ ಇದ್ದಾನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫಿಲ್ ಬೇಕ್ಲರ್ ಎಂಬ ಪತ್ರಕರ್ತ 1980ರ ದಶಕದಲ್ಲಿ ಮಗನನ್ನು ಕರೆದುಕೊಂಡು ಓಡಬೇಕೆಂದು ಮಕ್ಕಳ ಗಾಡಿಗೆ ಸೈಕಲ್ ಚಕ್ರ ಹಾಕಿದ. ಅದೇ ಬೇಬಿ ಜಾಗರ್ ಕಂಪನಿಯಾಯಿತು.

ಮೂರೇ ಯಾಕೆ, ನಾಲ್ಕು ಯಾಕಲ್ಲ? ಉಬ್ಬುತಗ್ಗಿನ ನೆಲದಲ್ಲಿ ನಾಲ್ಕು ಚಕ್ರದ ಗಾಡಿಯ ಒಂದು ಚಕ್ರ ಸದಾ ಗಾಳಿಯಲ್ಲೇ ಇರುತ್ತದೆ, ಗಾಡಿ ಅಡ್ಡಡ್ಡ ಕುಲುಕುತ್ತದೆ. ಮೂರು ಚಕ್ರ ಎಂಥ ನೆಲದಲ್ಲೂ ಮೂರೂ ಊರಿ ನಿಲ್ಲುತ್ತವೆ. ಮೆಟ್ಟಿಲೋ ಬೇರೋ ಎದುರಾದರೆ ಹ್ಯಾಂಡಲನ್ನು ಸ್ವಲ್ಪ ಕೆಳಗೆ ಒತ್ತಿದರಾಯಿತು, ಎತ್ತಬೇಕಾದದ್ದು ಮುಂದಿನ ಒಂದೇ ಚಕ್ರ. ಕಲ್ಲುಗಳ ನಡುವೆ ಒಂದು ಚಕ್ರಕ್ಕೆ ಜಾಗ ಹುಡುಕುವುದೂ ಸುಲಭ.

ಆದರೆ ಅಂಗಡಿಯವರು ಹೇಳದ ಮಾತೊಂದಿದೆ. ತಿರುವಿನಲ್ಲಿ ನಮ್ಮ ಆಟೋ ಒಂದು ಪಕ್ಕ ಎದ್ದು ಎದೆ ಝಲ್ಲೆನಿಸುತ್ತದಲ್ಲ, ಅದೇ ಗುಣ ಇದಕ್ಕೂ ಇದೆ. ಮುಂದೆ ಒಂದೇ ಕಾಲು ಇರುವುದರಿಂದ ಓರೆ ಇಳಿಜಾರಿನಲ್ಲಿ ಅಡ್ಡಡ್ಡ ಹೋದರೆ, ಅಥವಾ ಇಳಿಯುತ್ತಲೇ ಜೋರಾಗಿ ತಿರುಗಿಸಿದರೆ ಮಗ್ಗುಲಾಗುತ್ತದೆ. ಹಾಗಾಗಿ ಹಿಂದಿನ ಎರಡು ಚಕ್ರಗಳ ನಡುವಿನ ಅಗಲ ಹೆಚ್ಚಿರಬೇಕು, ಸೀಟು ತಗ್ಗಿನಲ್ಲಿರಬೇಕು. ಹ್ಯಾಂಡಲಿಗೆ ತರಕಾರಿ ಚೀಲ ನೇತುಹಾಕುವ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಬರಬೇಕು. ಏರಿನಲ್ಲಿ ಚೀಲದ ಭಾರಕ್ಕೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಭಾರವೆಲ್ಲ ಸೀಟಿನ ಕೆಳಗಿನ ಬುಟ್ಟಿಗೆ.

ಮುಂದಿನ ಚಕ್ರದಲ್ಲಿ ಮೂರು ತರ. ಸುಮ್ಮನೆ ನೇರ ನಿಂತಿರುವುದು ಒಂದು. ಓಟಕ್ಕೆ ಅದೇ ಚೆಂದ, ಅಂಗಡಿಯ ಸಾಲುಗಳ ನಡುವೆ ಮಾತ್ರ ಪ್ರತಿ ತಿರುವಿಗೂ ಮುಂಭಾಗ ಎತ್ತಿ ತಿರುಗಿಸಬೇಕು. ಸುತ್ತಲೂ ತಿರುಗುವುದು ಇನ್ನೊಂದು. ಪೇಟೆಯಲ್ಲಿ ಒಂದು ಕೈಯಲ್ಲಿ ನಡೆಸಬಹುದು, ಕಲ್ಲುದಾರಿಯಲ್ಲಿ ಅದು ಎಲ್ಲೆಲ್ಲೋ ತಿರುಗಿ ಅಡ್ಡ ನಿಲ್ಲುತ್ತದೆ. ತಿರುಗುತ್ತದೆ, ಬೇಕಾದಾಗ ಲಾಕ್ ಮಾಡಬಹುದು ಎನ್ನುವುದು ಮೂರನೆಯದು. ಬಸ್ಸು, ಪೇಟೆ, ಗುಡ್ಡ ಮೂರಕ್ಕೂ ಒಂದೇ ಗಾಡಿ ಸಾಕೆನ್ನುವವರು ಕಣ್ಣು ಮುಚ್ಚಿ ಈ ಮೂರನೆಯದನ್ನೇ ತೆಗೆದುಕೊಳ್ಳಿ.

ಟೈರು ಗಾಳಿ ತುಂಬುವಂಥದ್ದೇ ಇರಲಿ. ಗಟ್ಟಿ ರಬ್ಬರಿನದು ಪಂಕ್ಚರ್ ಆಗುವುದಿಲ್ಲ ನಿಜ, ಆದರೆ ನೆಲದ ಪ್ರತಿ ಅದುರೂ ಮಗುವಿನ ತಲೆಗೇ ಹೋಗುತ್ತದೆ. ಒರಟು ದಾರಿಗೆ ಗಾಳಿಯನ್ನು ಒಂದಿಷ್ಟು ಕಡಿಮೆ ಇಟ್ಟರೆ ಇನ್ನೂ ಮೆತ್ತಗೆ ಹೋಗುತ್ತದೆ, ಟೈರಿನ ಮೇಲೆ ಬರೆದ ಕನಿಷ್ಠ ಒತ್ತಡಕ್ಕಿಂತ ಇಳಿಸಬಾರದು ಅಷ್ಟೆ. ಬೇಲಿ ಕತ್ತರಿಸುವ ಕಾಲದಲ್ಲಿ ಹಾಥಾರ್ನ್ ಮುಳ್ಳು ದಾರಿಯಲ್ಲೆಲ್ಲ ಬಿದ್ದಿರುತ್ತದೆ. ಆಗ ಒಂದು ಬದಲಿ ಟ್ಯೂಬು, ಸಣ್ಣ ಪಂಪು ಬುಟ್ಟಿಯಲ್ಲಿರಲಿ. ವಾಲ್ವು ಕಾರಿನ ಟೈರಿನಂಥದ್ದೋ ಎಂದು ನೋಡಿ ಕೊಂಡರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು.

ಬ್ರೇಕಿನ ವಿಷಯದಲ್ಲಿ ತೀರ್ಪು ಕೊಟ್ಟವಳು ಅಮ್ಮ. ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಬಂದಿದ್ದಳು. ಸೀರೆ, ಅದರ ಮೇಲೆ ಸ್ವೆಟರು, ಕಾಲುಚೀಲ ಹಾಕಿ ಅದರ ಮೇಲೆ ಚಪ್ಪಲಿ. ಕೆಲವು ಗಾಡಿಗಳ ಕಾಲುಬ್ರೇಕನ್ನು ತುಳಿದು ಹಾಕಬೇಕು, ಹೆಬ್ಬೆರಳಿನಿಂದ ಮೇಲಕ್ಕೆ ಎತ್ತಿ ಬಿಡಿಸಬೇಕು. ಅಂಗಡಿಯಲ್ಲಿ ಅಂಥದೊಂದನ್ನು ಎತ್ತಲು ಹೋಗಿ ಅಮ್ಮ, “ಇದು ಬೂಟು ಹಾಕೋರಿಗೆ ಮಾಡಿದ್ದು ಮಾರಾಯ್ತಿ, ನನ್ನ ಉಗುರು ಕಿತ್ತು ಬರ್ತದೆ” ಎಂದಳು. ತುಳಿದರೆ ಬೀಳುವ, ಮತ್ತೆ ತುಳಿದರೆ ಬಿಡುವ ಬ್ರೇಕಿನದನ್ನೇ ಹುಡುಕಿದೆವು. ಹ್ಯಾಂಡಲಿನ ಎತ್ತರವೂ ಅಷ್ಟೇ. ಐದು ಅಡಿಯ ಅಮ್ಮನಿಗೂ ಆರಡಿಯ ಅಳಿಯನಿಗೂ ಹೊಂದಬೇಕಾದರೆ ಅದು ಮೇಲೆ ಕೆಳಗೆ ಸರಿಯುವಂತಿರಬೇಕು.

ನಮ್ಮ ಬೀದಿಯ ಇಳಿಜಾರು ನೋಡಿ ಅಮ್ಮನಿಗೆ ಹುಟ್ಟಿದ ಭಯ ಬೇರೆ. “ಕೈ ತಪ್ಪಿದ್ರೆ ಸೀದಾ ಬುಡದಲ್ಲೇ ಹೋಗಿ ನಿಲ್ಲೋದು ಕಣೇ!” ಅದಕ್ಕೇ ಇರುವುದು ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ. ಜೋಲಾಡುವ ಅಲಂಕಾರವೆಂದು ಅದನ್ನು ಬಿಚ್ಚಿಡುವವರನ್ನು ನೋಡಿದ್ದೇನೆ. ಶೆಫೀಲ್ಡಿನಲ್ಲಿ ಅದು ಮಗುವನ್ನು ಐದು ಕಡೆ ಹಿಡಿದಿಡುವ ಸೀಟಿನ ಬೆಲ್ಟಿನಷ್ಟೇ ಮುಖ್ಯ. ಮೂರು ಗಾಲಿಯನ್ನು ನೋಡಿ ಅಳಿಯ ಅಷ್ಟೊಂದು ಲೆಕ್ಕ ಹಾಕಿದ್ದಕ್ಕೆ ಮಾತ್ರ ಅವಳಿಗೆ ನಗು. ನಾನು ನಡೆಯಲು ಕಲಿತದ್ದೂ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತಂದ ಮೂರು ಗಾಲಿಯ ಮರದ ಗಾಡಿ ತಳ್ಳಿಕೊಂಡೇ ಅಂತೆ.

ಇಷ್ಟೆಲ್ಲ ಗುಡ್ಡದ ಮಾತಾಯಿತು. ನಿಜವಾದ ಆಯ್ಕೆ ನಡೆಯುವುದು ಗುಡ್ಡದಲ್ಲಲ್ಲ, ಮನೆಗೂ ಗುಡ್ಡಕ್ಕೂ ನಡುವೆ. ನಮ್ಮದು ಸಾಲುಮನೆ. ಬೀದಿಯಿಂದ ಕಲ್ಲಿನ ಮೆಟ್ಟಿಲು, ಆಮೇಲೆ ಬಾಗಿಲು, ಬಾಗಿಲು ತೆರೆದರೆ ಎದುರಿಗೇ ಮಹಡಿ ಮೆಟ್ಟಿಲು. ಇಲ್ಲಿಯ ಒಳಬಾಗಿಲುಗಳ ಹಲಗೆ ಸಾಮಾನ್ಯವಾಗಿ 76 ಸೆಂ.ಮೀ. ಅಗಲ, ಒಂದು ಮಗುವಿನ ಮೂರು ಗಾಲಿಯ ಗಾಡಿ 60ರಿಂದ 70 ಸೆಂ.ಮೀ. ಬಾಗಿಲು ಪೂರ್ತಿ ತೆರೆಯದಿದ್ದರೆ ಮುಗಿಯಿತು. ಅವಳಿಗಳಿಗೆ ಪಕ್ಕಪಕ್ಕ ಸೀಟಿನ ಗಾಡಿ ಕೊಂಡು ಹಿತ್ತಿಲಲ್ಲಿ ಟಾರ್ಪಾಲು ಹೊದಿಸಿ ಇಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ. ಗಾಡಿಯ ತೂಕ ಹತ್ತು ಹನ್ನೆರಡು ಕಿಲೋ. ಅದರ ಮೇಲೆ ಮಗು, ಬುಟ್ಟಿಯ ಸಾಮಾನು. ಸಿಸೇರಿಯನ್ ಆಗಿ ಒಂದು ತಿಂಗಳಾದವಳು ಅದನ್ನು ಮೆಟ್ಟಿಲ ಮೇಲೆ ಎತ್ತಲಾರಳು, ಎತ್ತಲೂಬಾರದು. ಈ ಲೆಕ್ಕವನ್ನು ಯಾವ ಜಾಹೀರಾತೂ ಹಾಕುವುದಿಲ್ಲ.

ಬಸ್ಸಿನದು ಇನ್ನೊಂದು ಕಥೆ. ಗುಡ್ಡದ ಕಡೆ ಹೋಗುವ ಬಸ್ಸುಗಳಲ್ಲಿ ಗಾಲಿಕುರ್ಚಿಗೆಂದು ಒಂದೇ ಜಾಗ. ಖಾಲಿ ಇದ್ದರೆ ಬಗ್ಗಿ ನಿಲ್ಲಿಸಬಹುದು, ಗಾಲಿಕುರ್ಚಿಯವರು ಬಂದರೆ ಮಡಚಿ ಜಾಗ ಬಿಡಬೇಕು. ಇದು ಸುಪ್ರೀಂ ಕೋರ್ಟಿನ ತನಕ ಹೋದ ವಿಷಯ. 2012ರಲ್ಲಿ ವೆದರ್ಬಿಯಿಂದ ಲೀಡ್ಸ್‌ಗೆ ಹೊರಟಿದ್ದ ಡಗ್ ಪೌಲಿ ಎಂಬ ಗಾಲಿಕುರ್ಚಿಯ ಪ್ರಯಾಣಿಕರಿಗೆ ಬಸ್ಸು ಹತ್ತಲಾಗಲಿಲ್ಲ. ಆ ಜಾಗದಲ್ಲಿ ಮಲಗಿದ ಮಗುವಿನ ಬಗ್ಗಿ ಇತ್ತು, ತಾಯಿ ಸರಿಸಲು ಒಪ್ಪಲಿಲ್ಲ. ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಇನ್ನೂ ಒತ್ತಾಯಿಸಬೇಕು ಎಂದು 2017ರಲ್ಲಿ ತೀರ್ಪು ಬಂತು. ನ್ಯಾಯವೇ. ಆದ್ದರಿಂದ ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಲ್ಲಿ ಗಾಡಿ ಮಡಚಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ಕಾರಿದ್ದವರು ಡಿಕ್ಕಿಯ ಅಳತೆ ಬರೆದುಕೊಂಡು ಹೋಗಿ. ಸಣ್ಣ ಕಾರಾದರೆ ಹಿಂದಿನ ಚಕ್ರ ಕಳಚದೆ ಹಿಡಿಯುವುದಿಲ್ಲ. ಗುಂಡಿ ಒತ್ತಿದರೆ ಚಕ್ರ ಬಿಚ್ಚಿಕೊಳ್ಳುವಂತಿದ್ದರೆ ಕೆಸರು ಮೆತ್ತಿದ ಚಕ್ರವನ್ನು ಬೇರೆ ಚೀಲಕ್ಕೆ ಹಾಕಬಹುದು.

ಗುಡ್ಡಕ್ಕೆ ತಲುಪಿದ ಮೇಲೂ ಬೇಲಿಗಳಿವೆ. ಹೊಲದಿಂದ ಹೊಲಕ್ಕೆ ದಾಟಲು ಹತ್ತಿ ಇಳಿಯುವ ಕಲ್ಲಿನ, ಮರದ ತಡಬೆಗಳು. ತಡಬೆಗೆ ಯಾವ ಗಾಡಿಯೂ ಒಂದೇ, ಮಗುವನ್ನು ಇಳಿಸಿ ಎತ್ತಿ ದಾಟಿಸಬೇಕು. ಕಿಸ್ಸಿಂಗ್ ಗೇಟ್ ಅಂತ ಇನ್ನೊಂದಿದೆ. ಒಬ್ಬೊಬ್ಬರೇ ಸಣ್ಣ ಕಟಕಟೆಯೊಳಗೆ ಹೊಕ್ಕು, ಗೇಟನ್ನು ಹಿಂದೆ ಸರಿಸಿ ಆಚೆ ಬರುವಂಥದ್ದು. ದನ ದಾಟದಿರಲಿ ಎಂದು ಮಾಡಿದ್ದು, ಉದ್ದ ಮೂತಿಯ ಮೂರು ಗಾಲಿಯ ಗಾಡಿಯೂ ದಾಟುವುದಿಲ್ಲ. ಹಾಗಾಗಿ ರಾಷ್ಟ್ರೀಯ ಉದ್ಯಾನದವರು ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಹೆಸರಿನಲ್ಲಿ ತಡಬೆ ಇಲ್ಲದ ದಾರಿಗಳನ್ನು ಪಟ್ಟಿ ಮಾಡಿದ್ದಾರೆ. ನಕ್ಷೆಗಿಂತ ಮೊದಲು ಅದನ್ನು ನೋಡುವುದು ಲೇಸು.

ಇಲ್ಲೊಂದು ಮಾತು ಬಿಚ್ಚಿ ಹೇಳಬೇಕು. ನೀವು ಹೋಗುವುದು ಮಾನ್ಸಲ್ ಟ್ರೇಲ್‌ಗೆ ಮಾತ್ರ ಎಂದಾದರೆ ಈ ದೊಡ್ಡ ಗಾಡಿ ಬೇಡವೇ ಬೇಡ. ಅದು 1968ರಲ್ಲಿ ಮುಚ್ಚಿದ ರೈಲುಮಾರ್ಗ, ಎಂಟೂವರೆ ಮೈಲಿ, ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. 2011ರಿಂದ ಸುರಂಗಗಳೂ ತೆರೆದಿವೆ. ಸಾಧಾರಣ ನಾಲ್ಕು ಗಾಲಿಯದು ಅಲ್ಲಿ ಸಲೀಸಾಗಿ ಓಡುತ್ತದೆ. ಪ್ಯಾಡ್ಲಿ ಗಾರ್ಜ್‌ನ ಬೇರು-ಬಂಡೆಗಳ ದಾರಿಗೆ ಯಾವ ಗಾಡಿಯೂ ಬೇಡ, ಅಲ್ಲಿಗೆ ಜೋಳಿಗೆಯೇ ಸರಿ. ಮೂರು ಗಾಲಿ ತನ್ನ ಬೆಲೆ ತೀರಿಸುವುದು ಇವೆರಡರ ನಡುವಿನ ನೆಲದಲ್ಲಿ: ಬರ್ಬೇಜ್‌ನ ಮರಳು-ಜಲ್ಲಿ ದಾರಿ, ಲಾಂಗ್‌ಶಾ ಹುಲ್ಲುಗಾವಲು, ಗಾಡಿಜಾಡು ಬಿದ್ದ ಹಳೆಯ ರಸ್ತೆಗಳು. ನಿಮ್ಮ ನಡಿಗೆಯಲ್ಲಿ ಆ ನೆಲ ಎಷ್ಟಿದೆ ಎಂದು ನೋಡಿಕೊಂಡು ದುಡ್ಡು ಬಿಚ್ಚಿ. (ಅಲ್ಲೇ ಹತ್ತಿರದ ಚಾಟ್ಸ್‌ವರ್ತ್ ಅರಮನೆಯ ಡ್ಯೂಕ್ ಆಫ್ ಡೆವನ್‌ಶೈರ್ ಮಕ್ಕಳಿಗೆ 1733ರಲ್ಲಿ ವಿಲಿಯಂ ಕೆಂಟ್ ಮಾಡಿಕೊಟ್ಟದ್ದೇ ಮೊದಲ ಮಕ್ಕಳ ಗಾಡಿ ಎನ್ನುತ್ತಾರೆ. ಅದನ್ನು ಅಪ್ಪ ಅಮ್ಮ ತಳ್ಳಬೇಕಿರಲಿಲ್ಲ, ಎಳೆಯಲು ಪ್ರಾಣಿ ಇತ್ತು!)

ಹೊಸದರ ಬೆಲೆ 300 ಪೌಂಡಿನ ಆಸುಪಾಸಿನಿಂದ 700ರ ತನಕವೂ ಹೋಗುತ್ತದೆ. ಒಂದೆರಡು ವರ್ಷದ ವಸ್ತು, ಸೆಕೆಂಡ್ ಹ್ಯಾಂಡ್ ಕೊಳ್ಳಲು ಇಲ್ಲಿ ಯಾರಿಗೂ ಸಂಕೋಚವಿಲ್ಲ. ನ್ಯಾಷನಲ್ ಚೈಲ್ಡ್‌ಬರ್ತ್ ಟ್ರಸ್ಟ್‌ನವರು ನಡೆಸುವ ಮಾರಾಟಗಳಲ್ಲಿ ಮಕ್ಕಳ ಸಾಮಾನು ರಾಶಿ ಸಿಗುತ್ತದೆ. ಹಳೆಯದಾದರೆ ಮಡಚುವ ಕೀಲಿನ ಬೀಗ ಗಟ್ಟಿ ಕೂರುತ್ತದೆಯೇ, ಮುಂದಿನ ಚಕ್ರ ಅಲ್ಲಾಡುತ್ತದೆಯೇ, ಟೈರಿನ ಪಕ್ಕ ಬಿರುಕು ಬಿಟ್ಟಿದೆಯೇ ನೋಡಿ. ಇಎನ್ 1888 ಎಂಬ ಸುರಕ್ಷತಾ ಮಾನದಂಡದ ಚೀಟಿ ಇರಬೇಕು. ಕುಳಿತುಕೊಳ್ಳಲು ಬಾರದ ಮಗುವಿಗೆ ಸೀಟು ಪೂರ್ತಿ ಮಲಗುವಂತಿರಬೇಕು. ಓಡಲು ಆಸೆಯಿರುವವರು ಮಗುವಿಗೆ ಕನಿಷ್ಠ ಆರು ತಿಂಗಳಾಗುವ ತನಕ ಕಾಯಿರಿ, ತಯಾರಕರೇ ಹಾಗೆ ಬರೆದಿರುತ್ತಾರೆ. ಅಮ್ಮನಿಗೆ ಒಪ್ಪಿಸಲು ಕಷ್ಟವಾದದ್ದು ಇನ್ನೊಂದು: ಬಿಸಿಲಿಗೆಂದು ಬಗ್ಗಿಯ ಮೇಲೆ ಬಟ್ಟೆ ಮುಚ್ಚಬಾರದು, ಗಾಳಿಯಾಡದೆ ಒಳಗೆ ಕಾವೇರುತ್ತದೆ.

ಬೆಂಗಳೂರಿನ ಚಿಕ್ಕಪ್ಪನ ಮಗಳು ಈಗ ಬಸುರಿ. ಬರುವಾಗ ಇಂಥದೊಂದು ತಂದುಕೊಡು ಅಕ್ಕಾ ಎಂದು ಮೆಸೇಜ್ ಹಾಕಿದ್ದಾಳೆ, ಕೆಂಪು ಬಣ್ಣದ್ದೇ ಆಗಬೇಕಂತೆ. ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲು ಎಷ್ಟು ಅಗಲ, ಗೇಟಿನಿಂದ ಪಾರ್ಕಿನ ತನಕ ಫುಟ್‌ಪಾತ್ ಎಲ್ಲೆಲ್ಲಿ ತುಂಡಾಗಿದೆ, ಪಾರ್ಕಿನ ಬಾಯಲ್ಲಿ ಬೈಕು ಬಾರದಿರಲೆಂದು ನೆಟ್ಟ ಕಂಬಗಳ ನಡುವೆ ಎಷ್ಟು ಜಾಗ ಇದೆ, ಅಳತೆ ಕಳಿಸು ಎಂದು ಉತ್ತರ ಬರೆದಿದ್ದೇನೆ. ಲಿಫ್ಟಿನದು ಬಂದಿದೆ, ಉಳಿದೆರಡು ಬರಬೇಕು.